ಖರ್ಚಿಗೋ ಆಸ್ತಿಗೋ

ಆಗಸ್ಟಿನಲ್ಲಿ ಪೆನ್ಸಿಲಿನಿಂದ ಬರೆದು ಬಿಟ್ಟ ಸಾಲು:
ಹತ್ತೊಂಬತ್ತರ ರಿಂಗ್ ಸ್ಪ್ಯಾನರ್, ಒಂದು.
ಎರಡು ಸಾವಿರದ ನೂರ ನಲವತ್ತು ರೂಪಾಯಿ.
ಇವತ್ತು ಮಾರ್ಚ್ ಮೂವತ್ತೊಂದು. ಶಾಯಿ ಹಾಕಬೇಕು.
ಎಡಗಡೆ ಖರ್ಚು, ಬಲಗಡೆ ಆಸ್ತಿ.

ಅಣ್ಣ ಅದನ್ನು ಹಾಸನದಿಂದ ತಂದದ್ದು
ಪ್ಯಾಸೆಂಜರ್ ಗಾಡಿಯಲ್ಲಿ, ಅರಸೀಕೆರೆವರೆಗೂ
ಬ್ಯಾಗಿಗೆ ಹಾಕದೆ, ತೊಡೆಯ ಮೇಲಿಟ್ಟುಕೊಂಡು.
ಹುಳಿಯಾರ್ ರಸ್ತೆಯ ನಮ್ಮ ಶೆಡ್ಡಿಗೆ
ಅವತ್ತು ಒಂದು ಟ್ರಾಕ್ಟರೂ ಬರಲಿಲ್ಲ.
ಎಣ್ಣೆಕಾಗದ ಬಿಚ್ಚಿದ, ಸುತ್ತಿದ, ಮತ್ತೆ ಬಿಚ್ಚಿದ.
ಅದರ ಮೈಮೇಲೆ ನಮ್ಮ ಟ್ಯೂಬ್‌ಲೈಟು
ಉದ್ದಕ್ಕೂ ಮಲಗಿತ್ತು.

'ಇಲ್ಲೇ ಪೇಟೇಲಿ ನೂರ ಎಂಬತ್ತಕ್ಕೆ ಸಿಗ್ತಿತ್ತಲ್ಲೋ.'
'ಇದು ಜೀವಮಾನದ ವಾರಂಟಿ.'
'ಯಾರ ಜೀವಮಾನ?'
ಅಣ್ಣ ಚೀಟಿ ತಿರುಗಿಸಿದ. ಹಿಂದೆ
ಇರುವೆ ಸಾಲಿನಂಥ ಅಕ್ಷರ,
ಕೊನೆಗೆ ಗಿರಾಕಿಯ ಹೆಸರಿಗೆ ಒಂದು ಖಾಲಿ ಗೆರೆ.

ಹಳೆ ಪುಸ್ತಕ ತೆಗೆದೆ. ನನ್ನದೇ ಕೈಬರಹ:
ಹತ್ತೊಂಬತ್ತರದ್ದು, ನೂರ ಎಂಬತ್ತು.
ಯುಗಾದಿ ಕಳೆದು ಮತ್ತೆ ನೂರ ಎಂಬತ್ತು.
ಗೌರಿಹಬ್ಬದ ವಾರ ನೂರ ತೊಂಬತ್ತು.
ಒಂದು ಹಲ್ಲು ಸವೆದು ನಟ್ಟನ್ನೇ ಗುಂಡಗೆ ಮಾಡಿತು,
ಒಂದು ಸೀಳು ಬಿಟ್ಟಿತು,
ಒಂದನ್ನು ಕೊಬ್ಬರಿ ಮಂಡಿಯ ನಾಗಭೂಷಣ ಎರವಲು ಒಯ್ದ;
ಅದೊಂದು ಇನ್ನೂ ಚೆನ್ನಾಗಿರಬಹುದು.
ನಡುವೆ ಬೇರೆ ಶಾಯಿಯಲ್ಲಿ:
ಜಬಿಯ ಕೈಗೆ ಪಟ್ಟಿ, ಟಿಟಿ ಇಂಜೆಕ್ಷನ್ನು, ಮುನ್ನೂರ ಹತ್ತು.
ಮೂರು ದಿನದ ಕೂಲಿ, ಕೆಲಸವಿಲ್ಲದೆ ಕೊಟ್ಟದ್ದು.
ಸ್ಪ್ಯಾನರ್ ಜಾರಿದಾಗ ಅವನ ಗೆಣ್ಣಿನ ಚರ್ಮ
ಸೈಲೆನ್ಸರಿಗೆ ಹತ್ತಿಕೊಂಡು ಹೊಗೆಯಾಡಿತ್ತು.
ಅದನ್ನು ಎಲ್ಲೂ ಬರೆದಿಲ್ಲ.

ಸಂಕ್ರಾಂತಿ ಮಾರನೇ ದಿನ
ಮೂರು ಮಳೆಗಾಲ ಬಯಲಲ್ಲೇ ನಿಂತಿದ್ದ ಕಲ್ಟಿವೇಟರು ಬಂತು.
ಬೋಲ್ಟು ಕದಲಲಿಲ್ಲ. ಅಣ್ಣ ಪೈಪು ಹಾಕಿದ.
ನಾನು ನೋಡಿದೆ, ಜಬಿ ನೋಡಿದ,
ಮೂರಡಿ ಜಿಐ ಪೈಪು, ಅದರ ತುದಿಗೆ
ಅಣ್ಣನ ಎಂಬತ್ತೆರಡು ಕೇಜಿ.
ಅಷ್ಟು ದಪ್ಪದ ಉಕ್ಕು
ಬಳೆಯ ಹಾಗೆ ಸದ್ದು ಮಾಡುತ್ತದೆಂದು
ಗೊತ್ತಿರಲಿಲ್ಲ.

ಹಾಸನದ ಅಂಗಡಿಯಲ್ಲಿ ಪದ್ಮರಾಜು
ತುಂಡೆರಡನ್ನೂ ಕೂಡಿಸಿ ಹಿಡಿದು ಕೇಳಿದರಂತೆ:
'ಪೈಪು ಹಾಕಿದ್ರಾ?'
ಇರುವೆ ಸಾಲಿನಲ್ಲಿ ಇದ್ದದ್ದು ಅದೇ.
ಪೈಪು ಹಾಕಿದವರ ಜೀವಮಾನಕ್ಕೆ
ಕಂಪನಿ ಹೊಣೆಯಲ್ಲ.
ಅಣ್ಣ ಸುಳ್ಳು ಹೇಳುವವನಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು,
'ಹುಡುಗ ಏನಾದರೂ ಹಾಕಿದ್ನೋ ಏನೋ' ಅಂದನಂತೆ.
ಪದ್ಮರಾಜು ತಲೆಯೆತ್ತಲಿಲ್ಲ.
'ಮಾಮೂಲಿ ಬಳಕೆ' ಅಂತ ಬರೆದುಕೊಂಡರು.

ನಲವತ್ತು ದಿನ ಕಾದೆವು.
ಆ ನಲವತ್ತು ದಿನವೂ ಜಬಿ
ಪೇಟೆಯ ನೂರ ತೊಂಬತ್ತರದ್ದರಲ್ಲೇ ದುಡಿದ.
ಅದು ಜಾರಲಿಲ್ಲ, ಸೀಳಲಿಲ್ಲ.
ಇದನ್ನು ನಾನಾಗಿ ಎತ್ತಿ ಆಡಿಲ್ಲ.

ಹೊಸದು ಬಂತು, ಹಾಗೇ ಎಣ್ಣೆಕಾಗದದಲ್ಲಿ,
ಒಂದು ಪೈಸೆ ಇಲ್ಲದೆ, ಒಂದು ಪ್ರಶ್ನೆ ಇಲ್ಲದೆ.
ಕೇಳಿದ್ದರೆ ಅಣ್ಣನಿಗೆ ಹಗುರಾಗುತ್ತಿತ್ತೇನೋ.
ಅದನ್ನು ಬಿಚ್ಚಲೇ ಇಲ್ಲ.
'ತಗೋ, ನಿನ್ನ ಡಬ್ಬಿಗೆ' ಅಂತ ಜಬಿಯ ಕಡೆ ಚಾಚಿದ.
'ನಂಗ್ಯಾಕಣ್ಣ?' ಅಂದ ಹುಡುಗ.
'ಸುಮ್ನೆ ಇಟ್ಕೊಳೋ.'
ಆ ರಾತ್ರಿ ಊಟಕ್ಕೆ ಕೂತಾಗ ಇದಿಷ್ಟನ್ನೂ
ಅನ್ನ ಕಲಸುತ್ತಾ ನನಗೆ ಹೇಳಿದ.

ಜಬಿ ಅದಕ್ಕೆ ಪೈಪು ಹಾಕುವುದಿಲ್ಲ.
ಬೋಲ್ಟಿಗೆ ಡೀಸೆಲ್ ಬಿಡುತ್ತಾನೆ, ಟೀ ಕುಡಿದು ಬರುತ್ತಾನೆ,
ತಲೆಯ ಮೇಲೆ ಎರಡು ಸಲ ತಟ್ಟುತ್ತಾನೆ.
ಕೆಲಸ ನಿಧಾನ. ಗಿರಾಕಿಗಳು ಗೊಣಗುತ್ತಾರೆ.
ಗೆಣ್ಣಿನ ಮೇಲೆ ಹೊಸ ಚರ್ಮ, ಬೇರೆ ಬಣ್ಣದ್ದು,
ಸ್ಪ್ಯಾನರಿನ ಮೇಲೆ ಸುಮ್ಮನೆ ಕೂತಿರುತ್ತದೆ.
ಪಕ್ಕದ ಬೇಯಲ್ಲಿ ಅಣ್ಣ
ನೂರ ತೊಂಬತ್ತರದ್ದಕ್ಕೆ ಪೈಪು ಸಿಕ್ಕಿಸುತ್ತಿದ್ದಾನೆ.

ಆಡಿಟರು ನಾಳೆ ಹತ್ತಕ್ಕೆ ಬರುತ್ತಾರೆ.
ಖರ್ಚು ಅನ್ನೋಣವೆಂದರೆ ವಸ್ತು ಗಟ್ಟಿಮುಟ್ಟಾಗಿದೆ,
ಆಸ್ತಿ ಅನ್ನೋಣವೆಂದರೆ ನಮ್ಮದಲ್ಲ.
ಪೆನ್ಸಿಲ್ಲಿನ ಸಾಲು ಅಲ್ಲೇ ಇದೆ.
ಅಷ್ಟರಲ್ಲಿ ಜಬಿ ಬಾಗಿಲಲ್ಲಿ ನಿಂತು,
ಎಣ್ಣೆಕೈಯಲ್ಲಿ ಮಡಿಸಿದ ಚೀಟಿ:
'ಅಕ್ಕಾ, ಇದರಲ್ಲಿ ಹೆಸರು ಖಾಲಿ ಐತೆ.
ನಂದೇ ಬರೀಲಾ?'